ಖಾಲಿ ಡಬ್ಬಿಯಲ್ಲಿ ಒಂದು ಬೊಗಸೆ ಜೋಳ

"ಜೋಳದ ಮ್ಯಾಲ ಯಾರ ಹೆಸರೂ ಬರ್ದಿರಂಗಿಲ್ಲ, ಯವ್ವಾ," ಎಂದಳು ಸಕ್ಕುಬಾಯಿ. "ನಮ್ಮನ್ಯಾಗೂ ಅದ, ಬಾಜೂ ಮನ್ಯಾಗೂ ಅದ. ಇಡೀ ಹವಳಗಾ ಊರನ್ನ ಜೀಪಿನ್ಯಾಗ ಹಾಕ್ಕೊಂಡು ಹೋಗ್ತೀರೇನು?"

ಪಿಎಸ್‌ಐ ಶಿವಕಾಂತಾ ನಗಲಿಲ್ಲ. ಮಂಚದ ಮೇಲೆ ಬಿಡಿಸಿಟ್ಟ ಕಾಗದದ ಪೊಟ್ಟಣವನ್ನು ಬೆರಳಿನಿಂದ ಮೆಲ್ಲಗೆ ಮುದುಕಿಯ ಕಡೆಗೆ ಸರಿಸಿದಳು. ಒಂದು ಬೊಗಸೆ ಬಿಳಿಜೋಳ.

ಈ ಜೋಳ ಸಿಕ್ಕದ್ದು ಜೇವರ್ಗಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿಗಿರುವ ಮಸೂದನ ಝೆರಾಕ್ಸ್ ಅಂಗಡಿಯಲ್ಲಿ, ತಗಡಿನ ಬಿಸ್ಕತ್ತು ಡಬ್ಬಿಯೊಂದರ ಒಳಗೆ. ಶುಕ್ರವಾರ ಮಧ್ಯಾಹ್ನದವರೆಗೆ ಆ ಡಬ್ಬಿಯಲ್ಲಿ ಪತ್ರಗಳ ಒಂದು ಕಟ್ಟು ಇತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ಕೊಳಕೂರಿನ ಸೈನಿಕ ಗುರುಶಾಂತನಿಗೆ ಅವನ ಮನದನ್ನೆ ಊರಿನಿಂದ ಬರೆದ ಪತ್ರಗಳು. ಬರೆದವಳ ಹೆಸರು ಒಂದರಲ್ಲೂ ಇರಲಿಲ್ಲ.

ಪತ್ರ ಹೋಗಿ ಜೋಳ ಬಂದಿತ್ತು. ಕಳ್ಳತನದ ಆರೋಪ ಮಸೂದನ ಮೇಲೆ ಬಂದಿತ್ತು.

ಮೃತ ಸೈನಿಕನ ತಮ್ಮ ಬಸವಂತರಾಯ ದೂರು ಕೊಟ್ಟು ಎರಡು ದಿನವಾಗಿತ್ತು. ನಾಳೆ ಸೋಮವಾರ ಎಫ್‌ಐಆರ್ ಆಗಲೇಬೇಕೆಂದು ಮೇಲಿನವರು ಹೇಳಿದ್ದರು. ಮಸೂದ ಸರಕಾರಿ ಶಾಲೆಯ ಮೇಷ್ಟ್ರ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸ್ ವರದಿಯೊಂದೇ ಬಾಕಿ. ಅದರಲ್ಲಿ ಕಳ್ಳತನದ ಕೇಸು ಇದೆ ಎಂದು ಬಿದ್ದರೆ ಆ ಕೆಲಸ ಅಲ್ಲಿಗೆ ಮುಗಿದಂತೆ.

"ಆಯಿ," ಎಂದಳು ಶಿವಕಾಂತಾ. "ಶುಕ್ರವಾರ ನೀವು ಎಲ್ಲಿಗೆ ಹೋಗಿದ್ರಿ?"

"ಗಾಣಗಾಪುರಕ್ಕ. ದತ್ತನ ಗುಡಿಗಿ. ಅಲ್ಲಿ ಭಿಕ್ಷಾ ಬೇಡೋರಿಗೆ ನೀಡಾಕ ಅಂತ ಜೋಳ ಒಯ್ದಿದ್ದೆ."

"ದತ್ತನ ವಾರ ಗುರುವಾರ ಬಿಟ್ಟು ಶುಕ್ರವಾರ?"

"ದತ್ತ ಶುಕ್ರವಾರ ಬಾಗಲಾ ಹಾಕ್ಕೊಂಡು ಮಲಗ್ತಾನೇನು?"

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬ ಕೆಮ್ಮಿದಂತೆ ಮಾಡಿ ಮುಖ ಆಚೆ ತಿರುಗಿಸಿದ. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಹೊರಟಿದ್ದವು. ಒಂದೊಂದು ಹೋದಾಗಲೂ ಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು.

"ಬಸ್ಸಿನ ಕಂಡಕ್ಟರ್ ಬ್ಯಾರೇನ ಹೇಳ್ತಾನ, ಆಯಿ," ಎಂದ ಹುಸೇನಸಾಬ. "ಜೇವರ್ಗಿಗಿ ಬಂದ್ರಿ, ಜೇವರ್ಗಿಯಿಂದ ತಿರುಗಿ ಹೋದ್ರಿ ಅಂತಾನ. ಪುಕ್ಕಟೆ ತಿಕೀಟಿಗೆ ಆಧಾರ್ ಕಾರ್ಡ್ ತೋರಿಸಿದ್ರಲ್ಲ, ಅದ್ರಾಗಿನ ಹೆಸರ ಅಂವಗ ನೆನಪದ."

ಸಕ್ಕುಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಎಪ್ಪತ್ತು ದಾಟಿದ ಹೆಂಗಸು. ಒಣಗಿದ ಮೈ, ಎಚ್ಚರದ ಕಣ್ಣು.

"ಜೇವರ್ಗಿಗಿ ಹೋಗೂದು ತಪ್ಪೇನ್ರಿ?"

"ತಪ್ಪಲ್ಲ."

"ಮತ್ತ ನಿಮ್ಮ ಪತ್ರ ತಗೊಂಡು ನಾ ಏನ ಮಾಡ್ಲಿ? ನಾ ಓದು ಬರಿ ಬಾರದಾಕಿ. ರೇಶನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಾಕಿ."

ಅದೂ ಸುಳ್ಳಿರಲಿಕ್ಕಿಲ್ಲ. ಈಗ ರೇಶನ್ ಅಂಗಡಿಯಲ್ಲಿ ಎಲ್ಲರೂ ಹೆಬ್ಬೆರಳನ್ನೇ ಒತ್ತುತ್ತಾರೆ. ಶಿವಕಾಂತಾಳಿಗೆ ಮುದುಕಿಯ ಜಾಣತನ ಹಿಡಿಸಿತು.

ಸೊಸೆ ಸುವರ್ಣಾ ಚಹಾದ ಬಟ್ಟಲುಗಳನ್ನು ತಂದಿಟ್ಟಳು. ಪೊಲೀಸರು ಬಂದದ್ದೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬಸ್ಸಿನಲ್ಲಿ ಯಾರದೋ ಚೀಲ ಕಳೆದಿದೆ, ಅತ್ತೆಯನ್ನು ಸಾಕ್ಷಿ ಕೇಳಲು ಬಂದಿದ್ದೇವೆ ಎಂದು ಹುಸೇನಸಾಬ ಹೇಳಿದ್ದ.

"ತಡಾ ಆತು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದಳು ಸುವರ್ಣಾ. "ಸಕ್ಕರಿ ತೀರಿತ್ತು. ಫ್ಯಾಕ್ಟರಿ ಬಾಗಲಾಗ ಇದ್ದು ಸಕ್ಕರಿ ಇಲ್ಲ ಅಂದ್ರ ನಗ್ತಾರ. ಗುರುಶಾಂತ ಕಾಕಾನ ಅಂಗಡಿಗಿ ಓಡಿ ಹೋಗಿ ತಂದೆ."

"ಮೂಲಿಮನಿ ಅಂಗಡ್ಯಾಗ ತಂದ್ಯಾ?" ಎಂದಳು ಸಕ್ಕುಬಾಯಿ. "ಅಂವ ತೂಕದಾಗ ಹೊಡೀತಾನ. ಫ್ಯಾಕ್ಟರಿ ಕಡಿಯವನ ಹಂತ್ಯಾಕ ಹೋಗಬೇಕಿತ್ತು."

ಶಿವಕಾಂತಾ ಬಟ್ಟಲನ್ನು ಬಾಯಿಯ ಹತ್ತಿರ ತಂದವಳು ಹಾಗೇ ಹಿಡಿದುಕೊಂಡಳು.

"ಯಾರ ಅಂಗಡಿ ಅಂದ್ರಿ, ಆಯಿ?"

"ಮೂಲಿಮನಿಯವಂದು."

"ಅಂವನ ಹೆಸರು?"

"ಯಾವನಿಗ್ಗೊತ್ತು."

ಸುವರ್ಣಾ ನಕ್ಕಳು. "ಅತ್ತಿ ಅಂವನ್ನ ಎಂದೂ ಹೆಸರಹಿಡಿದು ಕರದಿಲ್ಲ ನೋಡ್ರಿ. ಮೂಲಿಮನಿಯಂವ, ಉದ್ದನ್ನಂವ, ಕಿರಾಣಿಯಂವ. ನಾ ಮದಿವ್ಯಾಗಿ ಬಂದಾಗಿಂದ ಹಿಂಗ. ಅಂವ ಎದುರಿಗಿದ್ರೂ 'ಏ ಅಂಗಡಿಯಪ್ಪಾ' ಅಂತಾರ. ಅಂವಗ ಸಿಟ್ಟು ಬರ್ತದ."

"ನಿನಗ ಒಳಗ ಕೆಲಸಿಲ್ಲೇನು?" ಎಂದಳು ಸಕ್ಕುಬಾಯಿ.

ಸುವರ್ಣಾ ಒಳಗೆ ಹೋದಳು. ಶಿವಕಾಂತಾ ಒಂದು ಗುಟುಕು ಚಹಾ ಕುಡಿದಳು. ಕೇಳಬೇಕಾದ್ದನ್ನು ಬಿಟ್ಟು ಬೇರೇನನ್ನೋ ಕೇಳುವವಳ ಹಾಗೆ ಗೋಡೆಯ ಮೇಲಿನ ಫೋಟೋ ನೋಡಿದಳು. ಹಾರ ಹಾಕಿದ ಫೋಟೋ. ದಪ್ಪ ಮೀಸೆ, ಬಿಳಿ ಟೋಪಿ, ಅಂಜಿಕೊಂಡು ಕ್ಯಾಮೆರಾ ನೋಡುತ್ತಿರುವ ಮುಖ.

"ನಿಮ್ಮ ಯಜಮಾನ್ರೇನು?"

"ಹೌದ್ರಿ. ಭೀಮಶಾ. ಚಲೋ ಮನಿಷ್ಯಾ ಇದ್ದ. ಫ್ಯಾಕ್ಟರ್ಯಾಗ ಬಾಯ್ಲರ್ ಕಡಿ ಕೆಲಸಾ ಮಾಡ್ತಿದ್ದ. ಒಂದಿನ ನನ್ನ ಮ್ಯಾಲ ಕೈ ಎತ್ತಿದಂವಲ್ಲ."

ಎಷ್ಟು ಸಲೀಸಾಗಿ ಹೇಳಿದಳು. ಭೀಮಶಾ.

ಆಳಂದದಲ್ಲಿದ್ದ ತನ್ನ ಅಜ್ಜಿ ಶಿವಕಾಂತಾಳ ನೆನಪಿಗೆ ಬಂದಳು. ಆಕೆ ಸಾಯುವವರೆಗೆ ಗಂಡನ ಹೆಸರು ಬಾಯಿಬಿಟ್ಟು ಹೇಳಲಿಲ್ಲ. ಮದುವೆ ಮನೆಗಳಲ್ಲಿ ಹುಡುಗಿಯರು ಬಾಗಿಲು ಅಡ್ಡಗಟ್ಟಿ ಪೀಡಿಸಿದರೆ ಒಂದು ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಮುಚ್ಚಿ ಹೇಳಿ ಓಡಿಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ಮೊಮ್ಮಗಳ ಮೊಣಕೈ ತಿವಿಯುತ್ತಿದ್ದಳು. ಗಂಡನ ಹೆಸರಿನವನೇ ಆದ ಹಾಲಿನವನನ್ನು 'ಹಾಲಪ್ಪಾ' ಎಂದು ಕರೆಯುತ್ತಿದ್ದಳು. ಈ ಸೀಮೆಯಲ್ಲಿ ಆ ವಯಸ್ಸಿನ ಹೆಂಗಸರೆಲ್ಲ ಹಾಗೇ.

ಇವಳು ತಾಳಿ ಕಟ್ಟಿದವನ ಹೆಸರನ್ನು ಎಮ್ಮೆಯ ಹೆಸರು ಹೇಳಿದ ಹಾಗೆ ಹೇಳಿದಳು. ಮೂಲೆ ಮನೆಯ ಕಿರಾಣಿಯವನ ಹೆಸರು ಮಾತ್ರ ಇವಳ ನಾಲಿಗೆಯ ಮೇಲೆ ಬರುತ್ತಿರಲಿಲ್ಲ.

ಶಿವಕಾಂತಾ ಬಟ್ಟಲು ಕೆಳಗಿಟ್ಟಳು. ಹುಸೇನಸಾಬನಿಗೆ ಕಣ್ಣಿನಲ್ಲೇ ಹೇಳಿದಳು. ಅವನು ಬಾಗಿಲು ಮುಂದಕ್ಕೆ ಮಾಡಿ ಹೊರಗಿನ ಕಟ್ಟೆಯ ಮೇಲೆ ಕುಳಿತ.

"ಆಯಿ, ಒಂದ ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ಕೊಳಕೂರಿನ ಬಸವಂತರಾಯರು ಗೊತ್ತೇನು?"

"ಹೆಸರ ಕೇಳೀನಿ."

"ಅವರ ಅಣ್ಣ ಮಿಲ್ಟ್ರಿಯಾಗ ಇದ್ರು. ಅವರ ಹೆಸರ ಹೇಳ್ರಿ. ಅಷ್ಟ ಹೇಳ್ರಿ, ನಾ ಎದ್ದು ಹೋಗ್ತೀನಿ."

ಸಕ್ಕುಬಾಯಿ ಪೊಟ್ಟಣದ ಜೋಳದ ಕಾಳೊಂದನ್ನು ಬೆರಳಿನಿಂದ ಹೊರಳಿಸಿದಳು.

"ನಿಮಗ ಏನೂ ಸಂಬಂಧ ಇಲ್ಲದವರ ಹೆಸರು. ಹೇಳಾಕ ಏನದ?"

ಮುದುಕಿಯ ತುಟಿ ಸ್ವಲ್ಪ ಅಲುಗಿತು. ಒಂದು ಟ್ರ್ಯಾಕ್ಟರ್ ಹೋಯಿತು. ಪಾತ್ರೆಗಳು ನಡುಗಿ ಸುಮ್ಮನಾದವು.

"ಬ್ಯಾಡ ಯವ್ವಾ," ಎಂದಳು ಸಕ್ಕುಬಾಯಿ. ದನಿ ತೀರಾ ಸಣ್ಣದಾಗಿತ್ತು. "ಅದೊಂದು ಬ್ಯಾಡ."

ಶಿವಕಾಂತಾ ಜೋಳದ ಪೊಟ್ಟಣ ಮಡಿಚಿ ಬದಿಗಿಟ್ಟಳು.

"ತಾಳಿ ಕಟ್ಟಿರಲಿಲ್ಲ. ಅವರು ರಜಾಕ್ಕ ಬಂದಾಗ ಭೀಮಾ ದಂಡಿಗಿ ಒಂದ ಸಲ ಸಿಕ್ಕಿದ್ವಿ. ಇನ್ನ ಮ್ಯಾಲ ನನ್ನ ಹೆಸರ ಹಿಡೀಬ್ಯಾಡ, ನಾ ನಿನ್ನ ಗಂಡ ಅಂದ್ರು. ನಕ್ಕೋತ ಅಂದ್ರು. ನಾ ಆವತ್ತಿನಿಂದ ಹಿಡಿದಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬರದದ್ದರಾಗೂ ಹಿಡಿದಿಲ್ಲ. ಮ್ಯಾಲಿನ ವಿಳಾಸ ಗೆಳತಿ ಬರೀತಿದ್ದಳು. ಬೇಕಾದ್ರ ನೋಡ್ರಿ."

ಎದ್ದು ಮೂಲೆಯಲ್ಲಿದ್ದ ಜೋಳದ ಚೀಲದ ಬಾಯಿ ಬಿಚ್ಚಿದಳು. ಮೊಣಕೈವರೆಗೆ ಕೈ ಹಾಕಿ ಹುಡುಕಿ ಒಂದು ಕಟ್ಟನ್ನು ಹೊರಗೆಳೆದಳು. ತಿಳಿನೀಲಿ ಇನ್‌ಲ್ಯಾಂಡ್ ಪತ್ರಗಳು. ಅಂಚು ಸವೆದಿದ್ದವು. ಮೇಲೆ ಕಟ್ಟಿದ್ದ ದಾರ ಮಾತ್ರ ಹೊಸದು.

ಶಿವಕಾಂತಾಳಿಗೆ ಒಮ್ಮೆಲೇ ಹಸಿವಾಯಿತು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಅದು ಈಗ ಗೊತ್ತಾಯಿತು.

"ಡಬ್ಬ್ಯಾಗ ಜೋಳ ಯಾಕ ಹಾಕಿದ್ರಿ?"

ಸಕ್ಕುಬಾಯಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮತ್ತ? ಇನ್ನೊಬ್ಬರ ಡಬ್ಬಿ. ಅದರಾಗಿಂದು ತಗೊಂಡು ಬರೇ ಡಬ್ಬಿ ಹ್ಯಾಂಗ ಬಿಟ್ಟು ಬರೂದು? ನೀವು ಬಾಜೂ ಮನಿಯವರ ಭಾಂಡಿ ಬರೇದ ತಿರುಗಿ ಕೊಡ್ತೀರೇನು? ಕೈಯಾಗ ಜೋಳದ ಚೀಲ ಇತ್ತು. ಒಂದ ಬೊಗಸಿ ಹಾಕಿದೆ."

ಠಾಣೆಯಲ್ಲಿ ಆ ಜೋಳವನ್ನು ನೋಡಿದವರಲ್ಲಿ ಇಬ್ಬರು ಅದು ಮಾಟ ಎಂದಿದ್ದರು. ಬಸವಂತರಾಯರು, ಆ ಹುಡುಗ ನಮ್ಮನ್ನು ಅಣಕಿಸಲು ಹಾಕಿದ್ದಾನೆ ಎಂದಿದ್ದರು. ಶಿವಕಾಂತಾಳಿಗೆ ಮಾತ್ರ, ಇದು ಯಾರೋ ಸಂಸಾರಸ್ಥ ಹೆಂಗಸಿನ ಕೈ ಎಂದು ಮೊದಲ ದಿನವೇ ಅನಿಸಿತ್ತು. ಅದಕ್ಕೇ ಶುಕ್ರವಾರ ಜೋಳದ ಚೀಲ ಹಿಡಿದು ಬಸ್ಸಿಳಿದ ಹೆಂಗಸರ ಬಗ್ಗೆ ಕಂಡಕ್ಟರರನ್ನು ವಿಚಾರಿಸಲು ಹೇಳಿದ್ದಳು.

"ನಾ ಕದ್ದಿಲ್ಲ," ಎಂದಳು ಸಕ್ಕುಬಾಯಿ. "ನಾ ಬರ್ದದ್ದು ನಾ ತಂದೀನಿ."

ಬಾಗಿಲ ಆಚೆಯಿಂದ ಹುಸೇನಸಾಬನ ದನಿ ಬಂತು. "ಪೋಸ್ಟ್ ಡಬ್ಬಿಗಿ ಬಿದ್ದ ಮ್ಯಾಲ ಅದು ಬರದವರದಲ್ಲ, ಆಯಿ. ಯಾರಿಗಿ ಬರದಾರೋ ಅವರದು. ಕಾಯ್ದಾ ಅದ."

"ಅವರದು ಅಂದ್ರ ನಂದ," ಎಂದಳು ಸಕ್ಕುಬಾಯಿ. "ನಿಮ್ಮ ಕಾಯ್ದಾಕ್ಕ ಹೇಳ್ರಿ."



ಶಿವಕಾಂತಾ ಒಂದು ಪತ್ರವನ್ನು ಮೆಲ್ಲಗೆ ಬಿಡಿಸಿದಳು. ನಾಲ್ಕನೆಯ ತರಗತಿಯವರೆಗೆ ಓದಿದ ಹುಡುಗಿಯ ದುಂಡನೆಯ ಅಕ್ಷರ. *ಜೋಳ ಎದಿಮಟ ಬಂದಾವ. ತೆನಿ ಬಿಟ್ಟ ಮ್ಯಾಲ ರಜಾ ಸಿಗತದ ಅಂದಿದ್ರಿ. ಹಕ್ಕಿ ಕಾಯಾಕ ಅಟ್ಟದ ಮ್ಯಾಲ ಕುಂತಾಗ ರಸ್ತಾ ಕಾಣತದ. ಹಕ್ಕಿ ತಿಂದು ಹೋಗತಾವ, ಅವ್ವ ಬೈತಾಳ.* ಮತ್ತೊಂದರಲ್ಲಿ: *ಅಲ್ಲಿ ಭಾಳ ಥಂಡಿ ಅಂತ ಬರದೀರಿ. ನಾ ಹೊಲಿದ ಕೌದಿ ಕಳಸಾಕ ಬರೂದಿಲ್ಲ. ಕಳಸಿದ್ರ ಎಲ್ಲಾರಿಗೂ ಗೊತ್ತಾಗತದ.*

ಅವಳು ಮಡಿಚಿಟ್ಟಳು. ಮುಂದೆ ಓದುವುದು ಸರಿಯೆನಿಸಲಿಲ್ಲ.

"ಅವರು ನಿಮಗ ಬರದವು?"

"ಒಂದೂ ಉಳೀಲಿಲ್ಲ. ನನ್ನ ಗೆಳತಿ ತುಳಜಾಬಾಯಿ ಹೆಸರಿಲೆ ಬರ್ತಿದ್ವು. ಆಕಿ ಹಿಟ್ಟಿನ ಡಬ್ಬ್ಯಾಗ ಮುಚ್ಚಿಡ್ತಿದ್ದಳು. ಅವರು ಹೋದ ಸುದ್ದಿ ಬಂತು. ನನ್ನ ಲಗ್ನ ಠರಾಯಿಸಿದ್ರು. ತುಳಜಾ ಹೆದರಿ ಎಲ್ಲಾ ಒಲಿಗಿ ಹಾಕಿದಳು. ಆಕಿದೇನು ತಪ್ಪಿಲ್ಲ." ಸಕ್ಕುಬಾಯಿ ಕಟ್ಟಿನ ಮೇಲೆ ಕೈಯಿಟ್ಟಳು. "ಅವರ ಅಕ್ಷರ ನನ್ನ ಕಡಿ ಇಲ್ಲ. ಅವರು ಮುಟ್ಟಿದ ಕಾಗದಾ ಆದ್ರೂ ಇರಲಿ ಅಂತ ತಂದೆ."

ಶಿವಕಾಂತಾ ಮಡಿಚಿದ ಪತ್ರವನ್ನು ಕಟ್ಟಿನೊಳಗೆ ಸೇರಿಸಿದಳು. "ಇವು ಸಿಗದಿದ್ರ ಒಬ್ಬ ಹುಡುಗನ ನೌಕರಿ ಹೋಗ್ತದ, ಆಯಿ."

ಮಸೂದನ ವಿಷಯವನ್ನೆಲ್ಲ ಹೇಳಿದಳು. ಅವನು ಈ ಕಡೆಯ ಸೈನಿಕರ ಹಳೆಯ ಪತ್ರ, ಫೋಟೋಗಳನ್ನು ಒಟ್ಟುಮಾಡಿ ಒಂದು ಪ್ರದರ್ಶನ ಮಾಡಬೇಕೆಂದು ಹೊರಟಿದ್ದು. ಕೊಳಕೂರಿಗೆ ಹೋದಾಗ ಗೌಡರು, ಅಂದರೆ ಬಸವಂತರಾಯರು, ಊರಲ್ಲಿರಲಿಲ್ಲ. ಅವರ ಮಗ ದೇವಾನಂದ, ಅಜ್ಜಿ ಸತ್ತ ಮೇಲೆ ಈ ವರ್ಷವಷ್ಟೇ ಬೀಗ ತೆಗೆದ ದೊಡ್ಡಪ್ಪನ ಟ್ರಂಕಿನಿಂದ ಡಬ್ಬಿ ತೆಗೆದು ಕೊಟ್ಟಿದ್ದ. ಗೌಡರು ಬಂದು ಸಿಟ್ಟಾಗಿ ತಿರುಗಿ ಕೇಳಿದರು. ಶುಕ್ರವಾರ ಸಂಜೆ ಕೊಡುತ್ತೇನೆ ಎಂದ ಮಸೂದ. ಮಧ್ಯಾಹ್ನವೇ ಪತ್ರ ಹೋಗಿದ್ದವು. ಗಲ್ಲಾ ಮುಟ್ಟಿಲ್ಲ, ಲ್ಯಾಪ್‌ಟಾಪ್ ಮುಟ್ಟಿಲ್ಲ. ಹೊರಗಿನ ಕಳ್ಳ ಹಳೆಯ ಕಾಗದ ಯಾಕೆ ಒಯ್ಯುತ್ತಾನೆ? ಇವನೇ ಬಚ್ಚಿಟ್ಟಿದ್ದಾನೆ ಎಂದು ದೂರು.

ಸಕ್ಕುಬಾಯಿ ಕಟ್ಟಿನ ಮೇಲಿನ ಕೈ ತೆಗೆದಳು.

"ಆ ಹುಡುಗನ ಮ್ಯಾಲ ಬಂತಾ? ನನಗ ಗೊತ್ತಿಲ್ಲ ಯವ್ವಾ. ನಂಗ ಯಾರೂ ಹೇಳಲಿಲ್ಲ." ಆಗಲೇ ಕಾಲಿಗೆ ಚಪ್ಪಲಿ ಹುಡುಕುತ್ತಿದ್ದಳು. "ನಡೀರಿ. ನಾನ ತಂದೀನಿ ಅಂತ ಹೇಳ್ತೀನಿ. ಸುವರ್ಣಾಗ ಮಾತ್ರ..."

"ಆಕಿಗಿ ಗೊತ್ತಾಗೂದಿಲ್ಲ. ಚೀಲ ಕಳದವರ ಸಾಕ್ಷಿಗೆ ಬರಾಕತ್ತೀರಿ, ಅಷ್ಟ."

"ದೇವರು ನಿಮ್ಮನ್ನ ಚಲೋ ಇಡ್ಲಿ."

"ಇನ್ನೊಂದ ಮಾತು, ಆಯಿ. ಪತ್ರ ಅಲ್ಲಿ ಅದಾವ ಅಂತ ನಿಮಗ ಯಾರು ಹೇಳಿದ್ರು? ಶುಕ್ರವಾರ ಮಧ್ಯಾಹ್ನ ಮಸೂದ ನಮಾಜಿಗೆ ಹೋಗಿರ್ತಾನ ಅಂತ ಹ್ಯಾಂಗ ಗೊತ್ತಾತು?"

ಜುಮಾದ ಹೊತ್ತಿಗೆ ಆ ಸಾಲಿನ ಅಂಗಡಿಯವರು ಬೀಗ ಹಾಕುವುದಿಲ್ಲ. ಶಟರ್ ಅರ್ಧಕ್ಕೆ ಇಳಿಸಿ ಹೋಗುತ್ತಾರೆ. ಅರ್ಧ ಇಳಿದಿದ್ದರೆ ಯಾರೂ ಒಳಗೆ ಹೋಗುವುದಿಲ್ಲ. ಅದು ಜೇವರ್ಗಿಯವರಿಗೆ ಗೊತ್ತಿರುವ ರೂಢಿ. ಹವಳಗಾದ ಮುದುಕಿಗೆ ಗೊತ್ತಿರುವುದಲ್ಲ.

ಸಕ್ಕುಬಾಯಿ ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತಳು.

"ಫೋನ್ ಬಂದಿತ್ತು. ಯಾರು ಅಂತ ಅವರು ಹೇಳಲಿಲ್ಲ. ಬರದಾಕಿ ನಾನ ಅಂತ ಅವರಿಗಿ ಹ್ಯಾಂಗೋ ಗೊತ್ತಿತ್ತು. ಮಾತಾಡಿದ್ದು ಯಾರ ಮುಂದೂ ಹೇಳಬ್ಯಾಡ ಅಂತ ದತ್ತನ ಮ್ಯಾಲ ಆಣಿ ಹಾಕಿಸ್ಕೊಂಡಾರ. ಅವರು ನನಗ ಉಪಕಾರ ಮಾಡ್ಯಾರ. ಅದೊಂದು ಕೇಳಬ್ಯಾಡ್ರಿ."

ಕೇಳಬೇಕಾಗಿತ್ತು. ಶಿವಕಾಂತಾ ಮುಂದೆ ಎಷ್ಟೋ ದಿನ ಅದನ್ನು ತನಗೆ ತಾನೇ ಹೇಳಿಕೊಂಡಳು. ಆ ಹೊತ್ತಿಗೆ ಪತ್ರ ಸಿಕ್ಕಿದ್ದವು, ಹುಡುಗ ಉಳಿದಿದ್ದ. ಅಷ್ಟು ಸಾಕೆನಿಸಿತು.

---

ದಾರಿಯುದ್ದಕ್ಕೂ ಜೀಪಿನಲ್ಲಿ ಹಬ್ಬದ ಹಾಗಿತ್ತು. ಹುಸೇನಸಾಬ ಮುಂದಿದ್ದ ಟ್ರೇಲರಿನವನನ್ನು ಮಾತಾಡಿಸಿ ನಾಲ್ಕು ಗಣಿಕೆ ಕಬ್ಬು ಇಸಿದುಕೊಂಡಿದ್ದ. ಮುರಿದು ಒಂದು ತುಂಡನ್ನು ಮುದುಕಿಗೆ ಕೊಟ್ಟ.

"ಹಲ್ಲಿಲ್ಲೋ ಸಾಬಾ."

"ಪೊಲೀಸರ ಎದುರಿಗಿ ಅಷ್ಟು ಗಟ್ಟಿ ನಿಂತ್ರಿ, ಹಲ್ಲಿಲ್ಲ ಅಂದ್ರ ಯಾರು ನಂಬ್ತಾರ?"

ಅವಳು ನಕ್ಕಳು. ಭೀಮೆಯ ಸೇತುವೆ ಬಂದಾಗ ಕಿಟಕಿಯ ಕಡೆ ಹೊರಳಿ, ನೀರು ಕಣ್ಣಿಗೆ ಮರೆಯಾಗುವವರೆಗೂ ನೋಡಿದಳು. ಕಟ್ಟು ಮಡಿಲಲ್ಲಿತ್ತು. ಶಿವಕಾಂತಾ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಎಫ್‌ಐಆರ್ ಇಲ್ಲ. ವರದಿ ನಾಳೆಯೇ ಹೋಗುತ್ತದೆ. ಆಕೆಗೆ ನಿದ್ದೆಯೇ ಹತ್ತಿತು.

ಠಾಣೆಯ ಪಡಸಾಲೆಯ ಬೆಂಚಿನ ಮೇಲೆ ಮಸೂದ, ಪಕ್ಕದಲ್ಲಿ ಅವನ ತಾಯಿ ಬೀಬಿಜಾನ ಕುಳಿತಿದ್ದರು. ಮುಂಜಾನೆ ತಂದ ಬುತ್ತಿ ಬಿಚ್ಚಿರಲಿಲ್ಲ. ಜೀಪು ನಿಂತದ್ದೇ ಮಸೂದ ಎದ್ದು ನಿಂತ. ಎರಡು ದಿನದ ಗಡ್ಡ.

"ಸಿಕ್ಕಾವ," ಎಂದಳು ಶಿವಕಾಂತಾ. "ಊಟಾ ಮಾಡು."

ಮಸೂದ ಅವಳ ಮುಖವನ್ನೇ ನೋಡಿದ. ಮತ್ತೆ ಬೆಂಚಿನ ಮೇಲೆ ಕುಸಿದು ಕುಳಿತ. ಬೀಬಿಜಾನ ಮಗನ ತಲೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡಳು.

"ನಾ ಹೇಳಿರಲಿಲ್ಲೇನು, ಪಾಗಲ್? ಸತ್ತವರ ಹಂಗ ಕುಂತಿದ್ದಿ."

ಹಿಂದಿನಿಂದ ಸಕ್ಕುಬಾಯಿ ಮುಂದೆ ಬಂದು ಅವನ ಕೈ ಹಿಡಿಯಲು ಹೋದಳು. ಶಿವಕಾಂತಾ ಅವಳನ್ನು ಮೆಲ್ಲಗೆ ಒಳಕೋಣೆಗೆ ಕರೆದೊಯ್ದಳು. ಅಲ್ಲಿ ಮಹಿಳಾ ಸಿಬ್ಬಂದಿಯ ಮೇಜಿತ್ತು, ಬಾಗಿಲಿಗೆ ಪರದೆಯಿತ್ತು.

"ಇಲ್ಲೇ ಕೂಡ್ರಿ, ಆಯಿ. ಗೌಡರಿಗೆ ಫೋನ್ ಮಾಡೀನಿ. ಅವರು ಬಂದು ಹೋಗೂತನಕ ಹೊರಗ ಬರಬ್ಯಾಡ್ರಿ. ನಿಮ್ಮ ಹೆಸರ ಹೇಳೂ ಹಂಗಿಲ್ಲದ ಮುಗೀತಂದ್ರ ಚಲೋ."

ಬಸವಂತರಾಯರು ಬಿಳಿ ಕಾರಿನಲ್ಲಿ ಬಂದರು. ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಕಾರನ್ನು ತಾವೇ ನಡೆಸಿಕೊಂಡು ಬಂದಿದ್ದರು. ಮೇಜಿನ ಮೇಲಿದ್ದ ಕಟ್ಟನ್ನು ಎತ್ತಿ ತಿರುವಿ ನೋಡಿದರು.

"ಇವನ. ಎಲ್ಲಿ ಸಿಕ್ವು, ಮೇಡಂ?"

"ತಪ್ಪಿ ಬ್ಯಾರೆಯವರ ಕೈಗಿ ಹೋಗಿದ್ವು, ಗೌಡ್ರೆ. ಕೆಟ್ಟ ಬುದ್ಧಿಯಿಂದ ಅಲ್ಲ. ಮಸೂದನ ತಪ್ಪು ಏನೂ ಇಲ್ಲ."

"ಯಾರ ಕೈಗಿ?"

"ವಯಸ್ಸಾದವರು. ಅವರನ್ನ ಬಿಡ್ರಿ."

ಗೌಡರು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ನಕ್ಕರು. ಮುಖದ ಗಂಟು ಸಡಿಲಾಯಿತು.

"ಆತು ಬಿಡ್ರಿ. ನಮ್ಮವು ನಮಗ ಸಿಕ್ವು. ನಂಗೂ ಸಿಟ್ಟಿನ್ಯಾಗ ತಿಳೀಲಿಲ್ಲ." ದೂರು ಹಿಂದಕ್ಕೆ ಪಡೆಯುವುದಾಗಿ ಬರೆದುಕೊಟ್ಟು ಸಹಿ ಹಾಕಿದರು. ಪಡಸಾಲೆಗೆ ಬಂದು ಮಸೂದನ ಬೆನ್ನು ತಟ್ಟಿದರು. "ಮನಸ್ಸಿನ್ಯಾಗ ಇಟ್ಕೋಬ್ಯಾಡಪಾ ತಮ್ಮಾ. ಮುದುಕನ ಮಾತು ಅಂತ ತಿಳಕೊ."

"ಇಲ್ರಿ ಗೌಡ್ರೆ. ನೀವು ಹಿರಿಯರು," ಎಂದ ಮಸೂದ. ಅವನ ಕಣ್ಣು ತುಂಬಿತ್ತು.

"ಇವುಗಳ ಕಾಪಿ ತಗದಿದ್ದಿ ಅಲ್ಲ?"

"ಎಲ್ಲಾ ಸ್ಕ್ಯಾನ್ ಮಾಡೀನ್ರಿ. ಇಲ್ಲೇ ಕಿಸೇದಾಗಿನ ಪೆನ್‌ಡ್ರೈವಿನ್ಯಾಗ ಅದಾವ. ಬ್ಯಾರೆ ಕಡಿ ಎಲ್ಲೂ ಹಾಕಿಲ್ಲ, ನಿಮ್ಮನ್ನ ಕೇಳಿ ಹಾಕಬೇಕು ಅಂತ."

"ಚಲೋ ಮಾಡಿದಿ. ನಡಿ ಹಂಗಾದ್ರ, ಮನಿಗಿ ಹೋಗೂಣು. ಟ್ರಂಕಿನ್ಯಾಗ ಇನ್ನಾ ಅವನ ಫೋಟೋ ಅದಾವ, ಬೆಲ್ಟ್ ಅದ, ಬಿಲ್ಲೆ ಅದಾವ. ನಿನ್ನ ಪ್ರದರ್ಶನಕ್ಕ ಬೇಕಲ್ಲ? ಊಟಾ ಮಾಡಿ ಬರಾಕಂತಿ. ನಾನ ತಂದು ಬಿಡ್ತೀನಿ."

ಮಸೂದ ಶಿವಕಾಂತಾಳ ಕಡೆ ತಿರುಗಿದ. ಹೋಗಲೇ ಎಂದು ಕೇಳುವಂತೆ.

"ಹೋಗಿ ಬಾ," ಎಂದಳು ಶಿವಕಾಂತಾ. "ಜಗಳ ಹಿಂಗ ಮುಗದ್ರ ಚಲೋ."

ಬೀಬಿಜಾನ ಬುತ್ತಿಯ ಗಂಟು ಎತ್ತಿಕೊಂಡು ಮನೆಯ ಕಡೆ ಹೊರಟಳು. ದಾರಿಯಲ್ಲಿ ದರ್ಗಾಕ್ಕೆ ಸಕ್ಕರೆ ಓದಿಸಬೇಕೆಂದು ಹುಸೇನಸಾಬನಿಗೆ ಹೇಳಿದಳು. ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಕಾರು ಹೊರಟಿತು.

ಶಿವಕಾಂತಾ ಎರಡು ಗ್ಲಾಸು ಚಹಾ ಹಿಡಿದು ಪರದೆ ಸರಿಸಿದಳು.

ಸಕ್ಕುಬಾಯಿ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಪರದೆಗೆ ಹತ್ತಿಕೊಂಡು ಗೋಡೆ ಹಿಡಿದು ನಿಂತಿದ್ದಳು.

"ಮುಗೀತು, ಆಯಿ. ಚಹಾ ಕುಡೀರಿ. ಹುಸೇನಸಾಬ ನಿಮ್ಮನ್ನ ಬಸ್ ಹತ್ತಿಸ್ತಾರ."

"ಹೊರಗ ಮಾತಾಡಿದವರು ಯಾರ್ರಿ?"

"ಗೌಡರು. ಬಸವಂತರಾಯರು."

"ಅವರ ತ..." ಸಕ್ಕುಬಾಯಿ ಪರದೆಯ ಅಂಚು ಹಿಡಿದಳು. "ಅವರ ತಮ್ಮ? ಕಂಪ್ಲೇಂಟ್ ಕೊಟ್ಟವರು?"

"ಹೌದು."

"ನಾ ಆಣಿ ಮಾಡೀನಿ ಯವ್ವಾ. ದತ್ತ ನನ್ನ ನೋಡ್ಕೊಳ್ಳಲಿ." ಅವಳು ಶಿವಕಾಂತಾಳ ಮುಂಗೈ ಹಿಡಿದಳು. ಬಿಸಿ ಚಹಾ ತುಳುಕಿ ಇಬ್ಬರ ಕೈ ಮೇಲೂ ಬಿತ್ತು. ಇಬ್ಬರೂ ಕೈ ಬಿಡಲಿಲ್ಲ. "ನನಗ ಫೋನ್ ಮಾಡಿದ ದನಿ ಇದ. ಇವರ ಹೇಳಿದ್ದು. ಶುಕ್ರವಾರ ಮಧ್ಯಾಹ್ನ ಹೋಗು, ಶಟರ್ ಅರ್ಧಾ ಇಳದಿರ್ತದ, ತಗೊಂಡು ಹೋಗಿ ಅವತ್ತ ಸುಟ್ಟು ಬಿಡು ಅಂದ್ರು. ನನಗ ಸುಡಾಕ ಮನಸ್ಸಾಗಲಿಲ್ಲ. ಇವರ ಕಳಿಸಿ, ಇವರ ಆ ಹುಡುಗನ ಮ್ಯಾಲ ಹ್ಯಾಂಗ ಕಂಪ್ಲೇಂಟ್ ಕೊಟ್ರು?"

ಶಿವಕಾಂತಾ ಗ್ಲಾಸುಗಳನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಹೊರಗೆ ಓಡಿ ಬಂದಳು. ಹುಸೇನಸಾಬ ಗೇಟಿನಲ್ಲಿ ನಿಂತು ರಸ್ತೆಯ ಕಡೆ ನೋಡುತ್ತಿದ್ದ.

"ಕಾರು ಎಲ್ಲಿ?"

"ಅದ ನೋಡಾಕತ್ತೇನಿ, ಮೇಡಂ. ಊಟಕ್ಕ ಮನಿಗಿ ಅಂದ್ರಲ್ಲ. ಕೊಳಕೂರ ದಾರಿ ಬಿಟ್ಟು ಸೀದಾ ಹೈವೇ ಹಿಡದ್ರು."

ಅಸಲು ಪತ್ರಗಳು ಗೌಡರ ಕೈಯಲ್ಲಿ, ಉಳಿದ ಒಂದೇ ಪ್ರತಿ ಮಸೂದನ ಜೇಬಿನಲ್ಲಿ, ಮಸೂದ ಗೌಡರ ಕಾರಿನಲ್ಲಿ. ಅವಳು ಮಸೂದನ ನಂಬರು ಒತ್ತಿದಳು. ರಿಂಗ್ ಆಯಿತು.

ಹಿಂದೆ, ಪಡಸಾಲೆಯ ಗೋಡೆಯ ಪ್ಲಗ್ಗಿಗೆ ಚಾರ್ಜಿಗೆ ಹಾಕಿ ಮರೆತುಹೋದ ಫೋನೊಂದು ಖಾಲಿ ಬೆಂಚಿನ ಮೇಲೆ ನಡುಗತೊಡಗಿತು.